ಬೆಲ್‌ಫೋರಿನ ಸಿಂಹ

ಸಂಜೆ ಹಾಸ್ಟೆಲ್ ಗ್ರೌಂಡಿನಲ್ಲಿ ಟೀಮ್ ಮಾಡುವಾಗ ಒಂದು ಜಗಳ ಖಾಯಂ. ಎಲ್ಲರಿಗೂ ಫಾರ್ವರ್ಡ್ ಬೇಕು, ಹಿಂದೆ ನಿಲ್ಲೋಕೆ ಯಾರೂ ಒಪ್ಪಲ್ಲ. ಕೊನೆಗೆ ಯಾವನೋ ಪಾಪದ ಜೂನಿಯರ್‌ನ ಹಿಡಿದು ಡಿಫೆಂಡರ್ ಮಾಡ್ತೀವಿ. ಗೋಲು ಹೊಡೆದವನ ಹೆಸರು ಮೆಸ್ಸಿನ ಊಟದ ತನಕ ಓಡುತ್ತೆ. ಗೋಲು ತಡೆದವನದ್ದು ಗ್ರೌಂಡಿನಲ್ಲೇ ಮುಗಿಯುತ್ತೆ.

ವಿಶ್ವಕಪ್ ಇತಿಹಾಸದ ಮೊದಲ ಗೋಲು ಯಾರದ್ದು ಅಂತ ಕ್ವಿಜ್‌ನಲ್ಲಿ ಕೇಳಿದರೆ ನಮ್ಮಲ್ಲಿ ನಾಲ್ಕು ಜನ ಕೈ ಎತ್ತುತ್ತಾರೆ: 1930ರ ಜುಲೈ 13, ಫ್ರಾನ್ಸಿನ ಲೂಸಿಯನ್ ಲೊರಾನ್, ಮೆಕ್ಸಿಕೋ ವಿರುದ್ಧ. ಸರಿ. ಅದೇ ತಂಡದಲ್ಲಿ ಗೋಲ್‌ಕೀಪರ್ ಮುಂದೆ ನಿಂತಿದ್ದವನು ಯಾರು? ಅವನ ಹೆಸರು ಎತಿಯೆನ್ ಮ್ಯಾಟ್ಲರ್.

ಹುಟ್ಟಿದ್ದು 1905ರ ಕ್ರಿಸ್‌ಮಸ್ ದಿನ, ಫ್ರಾನ್ಸಿನ ಪೂರ್ವದ ಅಂಚಿನ ಬೆಲ್‌ಫೋರ್ ಎಂಬ ಊರಿನಲ್ಲಿ. ಒಂದು ಕಡೆ ಜರ್ಮನಿ, ಇನ್ನೊಂದು ಕಡೆ ಸ್ವಿಟ್ಜರ್ಲೆಂಡ್. 1870-71ರ ಯುದ್ಧದಲ್ಲಿ ಜರ್ಮನ್ ಸೇನೆ ಈ ಊರನ್ನು ನೂರಕ್ಕೂ ಹೆಚ್ಚು ದಿನ ಮುತ್ತಿಗೆ ಹಾಕಿ ಕೂತರೂ ಕೋಟೆ ಬಿದ್ದಿರಲಿಲ್ಲ. ಆ ನೆನಪಿಗೆ ಕೋಟೆಯ ಬಂಡೆಗೆ ಒರಗಿಸಿ ಕೆಂಪು ಕಲ್ಲಿನಲ್ಲಿ 22 ಮೀಟರ್ ಉದ್ದದ ಒಂದು ಸಿಂಹ ಕೂರಿಸಿದ್ದಾರೆ. ಮಾಡಿದವನು ಬಾರ್ತೋಲ್ಡಿ, ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಶಿಲ್ಪಿ. ಮುಂದೆ ಫ್ರಾನ್ಸಿನ ಜನ ಮ್ಯಾಟ್ಲರ್‌ನನ್ನು ಕರೆದದ್ದೂ ಬೆಲ್‌ಫೋರಿನ ಸಿಂಹ ಅಂತಲೇ.

1929ರಲ್ಲಿ ಅವನು ಪಕ್ಕದ ಸೊಶೋ ಊರಿನ ಕ್ಲಬ್ಬಿಗೆ ಬಂದ. ಅದು ಪ್ಯೂಜೊ ಕಾರು ಕಂಪನಿಯ ಕ್ಲಬ್. ಮಾಲೀಕ ಜಾನ್-ಪಿಯೇರ್ ಪ್ಯೂಜೊ ಹಿಂದಿನ ವರ್ಷವಷ್ಟೇ ಫ್ಯಾಕ್ಟರಿ ಕಾಂಪೌಂಡಿನ ಬದಿಯಲ್ಲಿ ಅದನ್ನು ಕಟ್ಟಿದ್ದ. ಆಗ ಫ್ರಾನ್ಸಿನಲ್ಲಿ ಫುಟ್‌ಬಾಲ್ ಆಡಿ ಸಂಬಳ ತಗೊಳ್ಳೋದು ನಿಯಮಬಾಹಿರ. ಪ್ಯೂಜೊಗೆ ಈ ನಾಟಕ ಹಿಡಿಸಲಿಲ್ಲ. ಆಟಗಾರ ಆಟದಿಂದಲೇ ಬದುಕಬೇಕು ಅಂತ ಅವನು ಒತ್ತಡ ಹಾಕಿದ್ದರಿಂದಲೂ 1932ರಲ್ಲಿ ಅಲ್ಲಿ ವೃತ್ತಿಪರ ಲೀಗ್ ಶುರುವಾಯಿತು. ಸೊಶೋ 1935 ಮತ್ತು 1938ರಲ್ಲಿ ಲೀಗ್ ಗೆದ್ದಿತು, 1937ರಲ್ಲಿ ಫ್ರೆಂಚ್ ಕಪ್. ಈ ಮೂರರಲ್ಲೂ ಹಿಂದಿನ ಸಾಲು ಮ್ಯಾಟ್ಲರ್‌ದೇ.

ಆದರೆ 1930ರ ವಿಶ್ವಕಪ್ಪಿನ ವಿಷಯ ಸ್ವಲ್ಪ ನಿಂತು ಹೇಳಬೇಕು. ಕಾಂಟೆ ವೆರ್ಡೆ ಅನ್ನೋ ಹಡಗಿನಲ್ಲಿ ಎರಡು ವಾರ ಅಟ್ಲಾಂಟಿಕ್ ದಾಟಿ ಉರುಗ್ವೆಗೆ ಹೋದರು. ರುಮೇನಿಯಾ, ಬೆಲ್ಜಿಯಂ ತಂಡಗಳೂ ಅದೇ ಹಡಗಿನಲ್ಲಿ, ಕಪ್ಪೂ ಅದರಲ್ಲೇ! ಪ್ರಾಕ್ಟೀಸ್ ಅಂದರೆ ಡೆಕ್ ಮೇಲೆ ಓಡಾಟ. ಮೆಕ್ಸಿಕೋ ವಿರುದ್ಧದ ಪಂದ್ಯದ ಮೊದಲಾರ್ಧದಲ್ಲೇ ಗೋಲ್‌ಕೀಪರ್ ತೆಪೊ ಗಾಯಗೊಂಡು ಹೊರಹೋದ. ಆಗ ಬದಲಿ ಆಟಗಾರ ಅನ್ನೋ ಪದ್ಧತಿಯೇ ಇಲ್ಲ. ಹಾಫ್‌ಬ್ಯಾಕ್ ಶಾಂತ್ರೆಲ್ ಹೋಗಿ ಗೋಲಿನಲ್ಲಿ ನಿಂತ, ಉಳಿದವರು ಹತ್ತೇ ಜನ. ಹೀಗೆ ಒಂದು ಗಂಟೆ ಆಡಿಯೂ ಫ್ರಾನ್ಸ್ ಬಿಟ್ಟದ್ದು ಒಂದೇ ಗೋಲು. ಗೆದ್ದದ್ದು 4-1ರಿಂದ. ಆಗಿನ ತಂಡಗಳಲ್ಲಿ ಫುಲ್‌ಬ್ಯಾಕ್ ಅಂದರೆ ಇಬ್ಬರೇ. ಲೆಕ್ಕ ನೀವೇ ಹಾಕಿ.

ಆ ದಿನದ ನಾಯಕ ಅಲೆಕ್ಸಾಂಡರ್ ವಿಲಾಪ್ಲಾನ್, ಅಲ್ಜೀರಿಯಾದಲ್ಲಿ ಹುಟ್ಟಿದ ಚತುರ ಹಾಫ್‌ಬ್ಯಾಕ್. ಮ್ಯಾಟ್ಲರ್ ಮುಂದಿನ ಸಾಲಿನಲ್ಲಿ ಆಡಿದವನು. ಈ ಹೆಸರು ನೆನಪಿಟ್ಟುಕೊಳ್ಳಿ.

ಮ್ಯಾಟ್ಲರ್ 1934, 1938ರ ವಿಶ್ವಕಪ್‌ಗಳಲ್ಲೂ ಆಡಿದ. ಮೊದಲ ಮೂರು ವಿಶ್ವಕಪ್ಪುಗಳಲ್ಲೂ ಅಂಗಳಕ್ಕಿಳಿದವರು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. 1938ರ ಕ್ವಾರ್ಟರ್ ಫೈನಲ್‌ನಲ್ಲಿ ಪ್ಯಾರಿಸ್ಸಿನ ಪಕ್ಕದ ಕೊಲೊಂಬ್‌ನಲ್ಲಿ ಎದುರು ಬಂದದ್ದು ಮುಸೊಲಿನಿಯ ಇಟಲಿ, ಫ್ಯಾಸಿಸ್ಟರ ಕಪ್ಪು ಅಂಗಿ ತೊಟ್ಟು. ಫ್ರಾನ್ಸ್ 3-1ರಿಂದ ಸೋತಿತು. ಅದೇ ಡಿಸೆಂಬರಿನಲ್ಲಿ ನೇಪಲ್ಸ್‌ನಲ್ಲಿ ಮತ್ತೆ ಪಂದ್ಯ. ಕೆಲವೇ ದಿನ ಮುಂಚೆ ಇಟಲಿಯ ಸಂಸತ್ತಿನಲ್ಲಿ ನೀಸ್, ಕಾರ್ಸಿಕಾ ನಮಗೆ ಬೇಕು ಅಂತ ಕೂಗೆದ್ದಿತ್ತು. ಪ್ರೇಕ್ಷಕರು ಫ್ರೆಂಚರ ಮೇಲೆ ಕೆಂಡ ಕಾರುತ್ತಿದ್ದರು. ಪಂದ್ಯ 1-0ರಿಂದ ಹೋಯಿತು. ಆಮೇಲೆ ಊರೊಳಗಿನ ಒಂದು ಹೋಟೆಲಿನಲ್ಲಿ ಮ್ಯಾಟ್ಲರ್ ಮೇಜು ಹತ್ತಿ ನಿಂತು ಗಟ್ಟಿ ದನಿಯಲ್ಲಿ ಫ್ರಾನ್ಸಿನ ರಾಷ್ಟ್ರಗೀತೆ ಹಾಡಿದನಂತೆ. ಫುಟ್‌ಬಾಲ್ ಮಂದಿ ಸ್ವಲ್ಪ ಉಪ್ಪುಖಾರ ಹಚ್ಚಿಯೇ ಈ ಕಥೆ ಹೇಳುತ್ತಾರೆ. ಆದರೆ ಮುಂದೆ ಅವನು ಮಾಡಿದ್ದನ್ನು ನೋಡಿದರೆ ನಂಬಬಹುದು ಅನ್ಸುತ್ತೆ.

1940ರಲ್ಲಿ ಜರ್ಮನ್ ಸೇನೆ ಬಂತು. ಈ ಸಲ ಸಿಂಹದ ಊರೂ ಬಿತ್ತು. ಪ್ಯೂಜೊ ಫ್ಯಾಕ್ಟರಿ ಜರ್ಮನರಿಗಾಗಿ ದುಡಿಯಬೇಕಾಯಿತು. 1943ರಲ್ಲಿ ಬ್ರಿಟಿಷ್ ವಿಮಾನಗಳು ಅದರ ಮೇಲೆ ಹಾಕಿದ ಬಾಂಬು ಗುರಿ ತಪ್ಪಿ ಊರಿನ ಜನರೇ ಸತ್ತರು. ಆಗ ಬ್ರಿಟಿಷ್ ಏಜೆಂಟ್ ಹ್ಯಾರಿ ರೀ ಪ್ಯೂಜೊ ಕುಟುಂಬದವರನ್ನೇ ಒಪ್ಪಿಸಿ, ಕಾರ್ಮಿಕರ ಕೈಯಲ್ಲೇ ಒಳಗಿನಿಂದ ಮಶೀನು ಒಡೆಸಿದ. ರೀ ಮುಂದೆ ಹೇಳಿಕೊಂಡ ಒಂದು ಘಟನೆ ಇದು: ಸ್ಫೋಟಕ ಇಡಲು ಬಂದವರು ಸಮಯ ಕಳೆಯಲು ಜರ್ಮನ್ ಕಾವಲುಗಾರರ ಜೊತೆ ಫುಟ್‌ಬಾಲ್ ಆಡುತ್ತಿದ್ದಾಗ ಒಬ್ಬನ ಜೇಬಿನಿಂದ ಬಾಂಬು ಜಾರಿ ಬಿತ್ತು. ನಿಮ್ಮದೇನೋ ಬಿತ್ತು ನೋಡಿ ಅಂತ ತೋರಿಸಿಕೊಟ್ಟವನು ಕಾವಲುಗಾರನೇ! ಇದು ಮ್ಯಾಟ್ಲರ್ ಕಥೆಯಲ್ಲ, ಅವನ ಕ್ಲಬ್ಬಿನ ಊರಿನ ಕಥೆ. ಅವನ ಕಥೆಯಲ್ಲಿ ಇಂಥ ನಗು ಇಲ್ಲ.

ಮ್ಯಾಟ್ಲರ್ ಭೂಗತ ಹೋರಾಟಕ್ಕೆ ಸೇರಿದ. 1944ರಲ್ಲಿ ಗೆಸ್ಟಾಪೊ ಕೈಗೆ ಸಿಕ್ಕಿಬಿದ್ದ. ಚಿತ್ರಹಿಂಸೆ ಕೊಟ್ಟರು. ಬಿಡುಗಡೆಯ ದಾರಿ ಸಿಕ್ಕಿದ್ದೇ ಗಡಿ ದಾಟಿ ಸ್ವಿಟ್ಜರ್ಲೆಂಡ್ ಸೇರಿದ. ಅಲ್ಲೇ ಯುದ್ಧ ಮುಗಿಯುವ ತನಕ ತಣ್ಣಗೆ ಇರಬಹುದಿತ್ತು. ವಯಸ್ಸು ನಲವತ್ತರ ಹತ್ತಿರ, ಹೆಸರು ಮಾಡಿದ್ದಾಗಿತ್ತು. ಅವನು ಮರಳಿ ಬಂದು ಜನರಲ್ ದ ಲಾತ್ರ್‌ನ ಫ್ರೆಂಚ್ ಸೇನೆ ಸೇರಿಕೊಂಡ. ಆ ನವೆಂಬರಿನಲ್ಲಿ ಬೆಲ್‌ಫೋರನ್ನು ಬಿಡಿಸಿಕೊಂಡದ್ದು ಅದೇ ಸೇನೆ.

ಅತ್ತ ವಿಲಾಪ್ಲಾನ್? ಮೊದಲು ಕುದುರೆ ರೇಸಿನ ಮೋಸಕ್ಕೆ ಜೈಲು, ಆಮೇಲೆ ಪ್ಯಾರಿಸ್ಸಿನ ಕಾಳಸಂತೆ, ಕೊನೆಗೆ ಗೆಸ್ಟಾಪೊ ಜೊತೆ ದುಡಿಯುವ ಫ್ರೆಂಚ್ ಗ್ಯಾಂಗು. 1944ರಲ್ಲಿ ಜರ್ಮನ್ ಸಮವಸ್ತ್ರ ತೊಟ್ಟು ದೋರ್ದೋನ್ ಪ್ರಾಂತ್ಯದ ಹಳ್ಳಿಗಳಲ್ಲಿ ತನ್ನದೇ ದೇಶದವರನ್ನು ಸುಲಿದ, ಕೊಲ್ಲಿಸಿದ. ಆ ಡಿಸೆಂಬರಿನಲ್ಲಿ ಪ್ಯಾರಿಸ್ ಪಕ್ಕದ ಮೋಂತ್‌ರೂಜ್ ಕೋಟೆಯಲ್ಲಿ ಅವನನ್ನು ಗುಂಡಿಕ್ಕಿ ಕೊಂದರು. ವಿಶ್ವಕಪ್ಪಿನಲ್ಲಿ ಫ್ರಾನ್ಸಿನ ಮೊದಲ ನಾಯಕ ಇವತ್ತಿಗೂ ಅವನೇ, ದಾಖಲೆಯಿಂದ ತೆಗೆಯೋಕಾಗಲ್ಲ. 1930ರ ಫೋಟೋ ನೋಡಿದರೆ ಇಬ್ಬರಿಗೂ ಅದೇ ಅಂಗಿ, ಎದೆ ಮೇಲೆ ಅದೇ ಹುಂಜ.

ಯುದ್ಧ ಮುಗಿದ ಮೇಲೆ ಮ್ಯಾಟ್ಲರ್ ಸೊಶೋಗೆ ವಾಪಸ್ ಬಂದು ಮತ್ತೆ ಹಿಂದಿನ ಸಾಲಿನಲ್ಲಿ ನಿಂತ, 1946ರ ತನಕ. ದೇಶಕ್ಕಾಗಿ ಆಡಿದ ಪಂದ್ಯಗಳು 46. 1950ರ ದಶಕದಲ್ಲಿ ರೋಜರ್ ಮಾರ್ಶ್ ಮುರಿಯುವ ತನಕ ಫ್ರಾನ್ಸಿನ ದಾಖಲೆ ಅದೇ. ಮಾರ್ಶ್ ಕೂಡ ಡಿಫೆಂಡರ್ರೇ. 1986ರ ಮಾರ್ಚಿನಲ್ಲಿ, ಎಂಬತ್ತನೇ ವಯಸ್ಸಿನಲ್ಲಿ, ಮ್ಯಾಟ್ಲರ್ ಸೊಶೋದಲ್ಲೇ ತೀರಿಕೊಂಡ.