ಜಾನ್ ವೆಸ್ಲಿ ಪೊವೆಲ್

ಜಾನ್ ವೆಸ್ಲಿ ಪೊವೆಲ್ (ಮಾರ್ಚ್ ೨೪, ೧೮೩೪ – ಸೆಪ್ಟೆಂಬರ್ ೨೩, ೧೯೦೨) ಅಮೆರಿಕ ಸಂಯುಕ್ತ ಸಂಸ್ಥಾನದ ಭೂವಿಜ್ಞಾನಿ, ಅನ್ವೇಷಕ ಹಾಗೂ ಮೂಲನಿವಾಸಿಗಳ ಭಾಷೆಗಳ ಅಧ್ಯಯನಕಾರ. ೧೮೬೯ರಲ್ಲಿ ಮರದ ದೋಣಿಗಳಲ್ಲಿ ಗ್ರೀನ್ ಮತ್ತು ಕೊಲರಾಡೊ ನದಿಗಳ ಜಾಡು ಹಿಡಿದು ಗ್ರ್ಯಾಂಡ್ ಕ್ಯಾನ್ಯನ್ ಕಮರಿಯನ್ನು ದಾಟಿದ ಮೊದಲ ವೈಜ್ಞಾನಿಕ ಯಾತ್ರೆಯ ನಾಯಕನೆಂದು ಈತ ಪ್ರಸಿದ್ಧ. ಮುಂದೆ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಎರಡನೆಯ ನಿರ್ದೇಶಕನಾದ.

ಆರಂಭಿಕ ಜೀವನ

ನ್ಯೂಯಾರ್ಕ್ ರಾಜ್ಯದ ಮೌಂಟ್ ಮಾರಿಸ್‌ನಲ್ಲಿ ಜನನ. ತಂದೆ ಜೋಸೆಫ್ ಇಂಗ್ಲೆಂಡಿನಿಂದ ವಲಸೆ ಬಂದ ಮೆಥೊಡಿಸ್ಟ್ ಬೋಧಕ. ಕುಟುಂಬವು ಒಹಾಯೊ, ವಿಸ್ಕಾನ್ಸಿನ್, ಇಲಿನಾಯ್ ಎಂದು ಊರಿಂದೂರಿಗೆ ನೆಲೆ ಬದಲಿಸುತ್ತಿತ್ತು. ಪೊವೆಲ್ ಹಲವು ಕಾಲೇಜುಗಳಲ್ಲಿ ಓದಿದನಾದರೂ ಪದವಿ ಪಡೆಯಲಿಲ್ಲ. ಆತನ ನಿಜವಾದ ಪಾಠಶಾಲೆ ನದಿಗಳು ಎನ್ನಬಹುದು: ಇಪ್ಪತ್ತರ ಹರೆಯದಲ್ಲೇ ಮಿಸಿಸಿಪಿ, ಒಹಾಯೊ ಮತ್ತು ಇಲಿನಾಯ್ ನದಿಗಳಲ್ಲಿ ದೋಣಿ ನಡೆಸುತ್ತ ಚಿಪ್ಪು, ಸಸ್ಯ, ಪಳೆಯುಳಿಕೆಗಳನ್ನು ಸಂಗ್ರಹಿಸಿದ.

೧೮೬೧ರಲ್ಲಿ ಅಂತರ್ಯುದ್ಧ ಆರಂಭವಾದಾಗ ಉತ್ತರದ ಸೇನೆಗೆ ಸೇರಿದ. ಅದೇ ವರ್ಷ ಎಮ್ಮಾ ಡೀನ್ ಎಂಬಾಕೆಯನ್ನು ವಿವಾಹವಾದ. ೧೮೬೨ರ ಏಪ್ರಿಲ್ ೬ರಂದು ಶೈಲೋ ಕದನದಲ್ಲಿ ಗುಂಡು ತಗುಲಿ ಬಲಗೈಯ ಬಹುಭಾಗವನ್ನು ಕಳೆದುಕೊಂಡ. ಆ ಗಾಯದ ನೋವು ಜೀವನಪರ್ಯಂತ ಕಾಡಿತು. ಆದರೂ ಸೇನೆಗೆ ಮರಳಿ ಮೇಜರ್ ಹುದ್ದೆಗೇರಿದ. ಯುದ್ಧಾನಂತರ ಇಲಿನಾಯ್ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದ ಪ್ರಾಧ್ಯಾಪಕನಾದ.

೧೮೬೯ರ ಯಾತ್ರೆ

ಆ ಕಾಲದ ನಕ್ಷೆಗಳಲ್ಲಿ ಕೊಲರಾಡೊ ನದಿಯ ನಡುಭಾಗವು ಬಹುಮಟ್ಟಿಗೆ ಖಾಲಿ ಜಾಗವಾಗಿತ್ತು. ಪೊವೆಲ್ ೧೮೬೮–೬೯ರ ಚಳಿಗಾಲವನ್ನು ವೈಟ್ ನದಿಯ ಕಣಿವೆಯಲ್ಲಿ ಕಳೆದು, ಅಲ್ಲಿನ ಯೂಟ್ ಜನರ ಭಾಷೆಯನ್ನು ಕಲಿಯುತ್ತ ಯಾತ್ರೆಗೆ ಸಿದ್ಧನಾದ. ೧೮೬೯ರ ಮೇ ೨೪ರಂದು ವಯೋಮಿಂಗ್‌ನ ಗ್ರೀನ್ ರಿವರ್ ಸ್ಟೇಷನ್‌ನಿಂದ ಹತ್ತು ಜನರ ತಂಡ ನಾಲ್ಕು ದೋಣಿಗಳಲ್ಲಿ ಹೊರಟಿತು. ಷಿಕಾಗೋದಲ್ಲಿ ಕಟ್ಟಿದ ದೋಣಿಗಳು ಆಗತಾನೆ ಹಾಕಿದ ರೈಲುಮಾರ್ಗದಲ್ಲಿ ಬಂದಿದ್ದವು. ಮೂರು ದೋಣಿಗಳು ಓಕ್ ಮರದವು, ತಲಾ ೨೧ ಅಡಿ ಉದ್ದ. ಪೊವೆಲ್ ಕುಳಿತಿದ್ದ ೧೬ ಅಡಿಯ ಹಗುರ ದೋಣಿಗೆ ಪತ್ನಿಯ ಹೆಸರನ್ನೇ ಇಡಲಾಗಿತ್ತು. ಹತ್ತು ತಿಂಗಳಿಗೆ ಸಾಲುವಷ್ಟು ಆಹಾರವಿತ್ತು. ತಂಡದಲ್ಲಿ ಪೊವೆಲನ ತಮ್ಮ ವಾಲ್ಟರ್, ಬೇಟೆಗಾರ ಜಾಕ್ ಸಮ್ನರ್, ಮಾಜಿ ಸೈನಿಕ ಜಾರ್ಜ್ ಬ್ರಾಡ್ಲಿ ಮುಂತಾದವರಿದ್ದರು. ಪೊವೆಲನನ್ನು ಬಿಟ್ಟರೆ ವಿಜ್ಞಾನದಲ್ಲಿ ತರಬೇತಿ ಪಡೆದವರು ಯಾರೂ ಇರಲಿಲ್ಲ.

ಜೂನ್ ಎರಡನೆಯ ವಾರದಲ್ಲಿ ಲೊಡೋರ್ ಕಮರಿಯ ಭೋರ್ಗರೆತದಲ್ಲಿ ಒಂದು ದೋಣಿ ಬಂಡೆಗೆ ಬಡಿದು ಒಡೆಯಿತು. ಅದರಲ್ಲಿದ್ದ ಮೂವರು ಬದುಕುಳಿದರು. ಆಹಾರದ ದೊಡ್ಡ ಪಾಲು ನೀರುಪಾಲಾಯಿತು. ಎತ್ತರವನ್ನು ಅಳೆಯುವ ವಾಯುಭಾರಮಾಪಕಗಳು ಮಾತ್ರ ದೋಣಿಯ ಅವಶೇಷದಲ್ಲಿ ಸಿಕ್ಕವು. ಅವುಗಳ ಜೊತೆಗೆ, ನಾಯಕನಿಗೆ ತಿಳಿಯದಂತೆ ಸಂಗಡಿಗರು ಅಡಗಿಸಿಟ್ಟಿದ್ದ ವಿಸ್ಕಿಯ ಪೀಪಾಯಿಯೂ ಸಿಕ್ಕಿತು. ಜುಲೈ ಆರಂಭದಲ್ಲಿ ಫ್ರ್ಯಾಂಕ್ ಗುಡ್‌ಮನ್ ಎಂಬಾತ ತಂಡವನ್ನು ಬಿಟ್ಟ.

ದೋಣಿ ಸಾಗದ ಕಡೆ ಅದಕ್ಕೆ ಹಗ್ಗ ಕಟ್ಟಿ ದಡದಿಂದ ಹಿಡಿದು ಮೆಲ್ಲನೆ ಇಳಿಬಿಡುತ್ತಿದ್ದರು. ಅದೂ ಆಗದಿದ್ದಲ್ಲಿ ಸಾಮಾನನ್ನೂ ದೋಣಿಯನ್ನೂ ಬಂಡೆಗಳ ಮೇಲೆ ಹೊರಬೇಕಿತ್ತು. ಬಿಡುವು ಸಿಕ್ಕಾಗಲೆಲ್ಲ ಪೊವೆಲ್ ಒಂಟಿಗೈಯಲ್ಲೇ ಗೋಡೆಯಂತಹ ಬಂಡೆಗಳನ್ನೇರಿ ಎತ್ತರ ಅಳೆಯುತ್ತಿದ್ದ, ಪಕ್ಕದ ಕಮರಿಗಳನ್ನು ಹೊಕ್ಕು ಶಿಲಾಪದರಗಳನ್ನು ಗುರುತಿಸುತ್ತಿದ್ದ. ಒಮ್ಮೆ ಹಾಗೆ ಏರುವಾಗ ಹಿಂದಕ್ಕೂ ಮುಂದಕ್ಕೂ ಹೋಗಲಾರದೆ ಸಿಲುಕಿಕೊಂಡಾಗ, ಮೇಲಿದ್ದ ಬ್ರಾಡ್ಲಿ ತಾನು ತೊಟ್ಟಿದ್ದ ಒಳಚಲ್ಲಣವನ್ನೇ ಬಿಚ್ಚಿ ಇಳಿಬಿಟ್ಟು ಆತನನ್ನು ಎಳೆದುಕೊಂಡ.

ಸೀಳುಕಣಿವೆಗಳು

ಕೊಲರಾಡೊ ಪ್ರಸ್ಥಭೂಮಿಯ ಮರಳುಗಲ್ಲಿನಲ್ಲಿ ಅತಿ ಕಿರಿದಾದ, ಆದರೆ ಬಹಳ ಆಳವಾದ ಸೀಳುಕಣಿವೆಗಳು ಹೇರಳವಾಗಿವೆ. ಬಂಡೆಯ ಬಿರುಕುಗಳಲ್ಲಿ ಹಠಾತ್ ನುಗ್ಗುವ ಮಳೆನೀರು ಮರಳು ಮತ್ತು ಕಲ್ಲುಗಳನ್ನು ಹೊತ್ತು ತಂದು ಅರದಂತೆ ಉಜ್ಜುವುದರಿಂದ ಇವು ರೂಪುಗೊಳ್ಳುತ್ತವೆ. ಕೆಲವು ಕಡೆ ಎರಡೂ ಗೋಡೆಗಳನ್ನು ಒಟ್ಟಿಗೆ ಮುಟ್ಟಬಹುದಾದಷ್ಟು ಇಕ್ಕಟ್ಟು. ತಲೆಯ ಮೇಲೆ ಆಕಾಶ ಒಂದು ಗೆರೆಯಷ್ಟೇ. ದೂರದಲ್ಲೆಲ್ಲೋ ಸುರಿದ ಮಳೆಯೂ ಇಲ್ಲಿ ನಿಂತವನನ್ನು ಕೊಚ್ಚಿಕೊಂಡು ಹೋಗಬಲ್ಲುದು.

ಆಗಸ್ಟ್ ಆರಂಭದಲ್ಲಿ ತಂಡವು ಗ್ಲೆನ್ ಕ್ಯಾನ್ಯನ್‌ನ ಶಾಂತ ನೀರಿಗೆ ಬಂದಿತು. ಅಲ್ಲಿ ಪಕ್ಕದ ಕಮರಿಯೊಂದನ್ನು ಹೊಕ್ಕಾಗ, ಕೆಂಪು ಬಂಡೆಯನ್ನು ನೀರು ಕೊರೆದು ಮಾಡಿದ ವಿಶಾಲ ಗುಹಾಂಗಣವೊಂದು ಕಂಡಿತು. ಚಾವಣಿಯ ತುದಿಯಲ್ಲಿ ಕಿರಿದಾದ ಸೀಳು, ಕೆಳಗೆ ಕೊಳ, ಸುತ್ತ ಹಸಿರು. ರಾತ್ರಿ ವಾಲ್ಟರ್ ಹಾಡಿದಾಗ ಗುಹೆಯೆಲ್ಲ ದನಿಗೊಟ್ಟದ್ದರಿಂದ ಪೊವೆಲ್ ಅದಕ್ಕೆ ಸಂಗೀತ ಮಂದಿರ ಎಂಬರ್ಥದ ಮ್ಯೂಸಿಕ್ ಟೆಂಪಲ್ ಎಂಬ ಹೆಸರಿಟ್ಟ. ಒರಮೆಲ್ ಹೌಲೆಂಡ್, ಆತನ ತಮ್ಮ ಸೆನೆಕಾ ಮತ್ತು ವಿಲಿಯಂ ಡನ್ ಅಲ್ಲಿನ ಗೋಡೆಯ ಮೇಲೆ ತಮ್ಮ ಹೆಸರುಗಳನ್ನು ಕೆತ್ತಿದರು.

ಇಂತಹ ಕಣಿವೆಗಳ ಬಗ್ಗೆ ಪೊವೆಲನ ಕುತೂಹಲ ಅಲ್ಲಿಗೇ ನಿಲ್ಲಲಿಲ್ಲ. ೧೮೭೨ರ ಸೆಪ್ಟೆಂಬರ್‌ನಲ್ಲಿ ವರ್ಜಿನ್ ನದಿಯ ಪೂರ್ವ ಕವಲಿನ ಪರುನುವೀಪ್ ಕಣಿವೆಯನ್ನು ನೀರಿನಲ್ಲೇ ನಡೆಯುತ್ತ ದಾಟಿದ. ಪೈಯೂಟ್ ಜನರ ಮೂಲ ಹೆಸರನ್ನು ನಕ್ಷೆಯಲ್ಲಿ ಉಳಿಸಿದ್ದು ಇಲ್ಲಿ ಗಮನಾರ್ಹ.

ಅಗಲಿಕೆ

ಗ್ರ್ಯಾಂಡ್ ಕ್ಯಾನ್ಯನ್ ಒಳಹೊಕ್ಕ ಮೇಲೆ ಸ್ಥಿತಿ ಹದಗೆಟ್ಟಿತು. ಹಿಟ್ಟು ನೆನೆದು ಮುಗ್ಗಿತ್ತು. ಉಳಿದದ್ದು ಒಣಗಿದ ಸೇಬು ಮತ್ತು ಕಾಫಿ. ಆಗಸ್ಟ್ ೨೭ರಂದು ಎದುರಾದ ಭೀಕರ ರಭಸವನ್ನು ಕಂಡು ಹೌಲೆಂಡ್ ಸಹೋದರರು ಹಾಗೂ ಡನ್ ಮುಂದೆ ಬರಲು ಒಪ್ಪಲಿಲ್ಲ. ಮರುದಿನ ಬೆಳಿಗ್ಗೆ ಅವರು ಬಂದೂಕುಗಳನ್ನು ಹಿಡಿದು ಉತ್ತರದ ಬೆಟ್ಟವೇರಿದರು. ಉಳಿದವರು ನದಿಯಲ್ಲೇ ಸಾಯುವರೆಂದು ಅವರೂ, ಅವರು ಮರುಭೂಮಿಯಲ್ಲಿ ಸಾಯುವರೆಂದು ಇವರೂ ನಂಬಿದ್ದರು. ಸಮ್ನರ್ ತನ್ನ ಗಡಿಯಾರವನ್ನು ಸೋದರಿಗೆ ತಲುಪಿಸುವಂತೆ ಹೌಲೆಂಡನ ಕೈಗೆ ಕೊಟ್ಟ. ಎಮ್ಮಾ ಡೀನ್ ದೋಣಿಯನ್ನು ಅಲ್ಲೇ ಬಿಟ್ಟು, ಉಳಿದ ಆರು ಜನ ಎರಡು ದೋಣಿಗಳಲ್ಲಿ ಆ ರಭಸವನ್ನು ದಾಟಿದರು. ಎರಡೇ ದಿನಗಳಲ್ಲಿ, ಆಗಸ್ಟ್ ೩೦ರಂದು, ವರ್ಜಿನ್ ನದಿಯ ಸಂಗಮದಲ್ಲಿ ಮೀನು ಹಿಡಿಯುತ್ತಿದ್ದ ಮಾರ್ಮನ್ ವಸಾಹತುಗಾರರು ಸಿಕ್ಕರು. ಅಷ್ಟರಲ್ಲಿ ತಂಡವು ಸುಮಾರು ೧,೬೦೦ ಕಿಲೋಮೀಟರ್ ಕ್ರಮಿಸಿತ್ತು.

ಬೆಟ್ಟವೇರಿದ ಮೂವರು ಹಿಂದಿರುಗಲಿಲ್ಲ. ಮರುವರ್ಷ ಪೊವೆಲ್ ಜೇಕಬ್ ಹ್ಯಾಂಬ್ಲಿನ್ ಎಂಬಾತನೊಡನೆ ಶಿವ್‌ವಿಟ್ಸ್ ಜನರನ್ನು ಭೇಟಿಯಾದಾಗ, ಮಹಿಳೆಯೊಬ್ಬಳನ್ನು ಕೊಂದವರೆಂದು ತಪ್ಪಾಗಿ ಭಾವಿಸಿ ತಾವೇ ಆ ಮೂವರನ್ನು ಕೊಂದುದಾಗಿ ಅವರು ತಿಳಿಸಿದರೆಂದು ಪೊವೆಲ್ ದಾಖಲಿಸಿದ್ದಾನೆ. ಸೇಡು ತೀರಿಸಿಕೊಳ್ಳದೆ ಸ್ನೇಹದಿಂದ ಬೀಳ್ಕೊಂಡ. ದೇಹಗಳು ಸಿಗಲಿಲ್ಲವಾದ್ದರಿಂದ ಸಾವಿನ ಕುರಿತು ಬೇರೆ ಊಹೆಗಳೂ ಇವೆ.

ಎರಡನೆಯ ಯಾತ್ರೆ ಮತ್ತು ವರದಿ

೧೮೭೧–೭೨ರ ಎರಡನೆಯ ಯಾತ್ರೆ ಹೆಚ್ಚು ವ್ಯವಸ್ಥಿತವಾಗಿತ್ತು. ಭಾವಮೈದುನ ಆಲ್ಮನ್ ಥಾಂಪ್ಸನ್ ನಕ್ಷೆಯ ಕೆಲಸ ವಹಿಸಿಕೊಂಡು, ಅದುವರೆಗೆ ನಕ್ಷೆಯಲ್ಲಿಲ್ಲದ ಎಸ್ಕಲಾಂಟೆ ನದಿಯನ್ನು ಗುರುತಿಸಿದ. ದೋಣಿ ನಡೆಸಲು ಬಂದ ಜಾಕ್ ಹಿಲ್ಲರ್ಸ್ ಛಾಯಾಗ್ರಾಹಕನಾಗಿ ಬೆಳೆದ.

ಆದರೆ ೧೮೭೫ರಲ್ಲಿ ಪ್ರಕಟವಾದ ಯಾತ್ರಾ ವರದಿಯಲ್ಲಿ ಪೊವೆಲ್ ಎರಡನೆಯ ಯಾತ್ರೆಯ ಕೆಲವು ಘಟನೆಗಳನ್ನು ೧೮೬೯ರ ಕಥನದೊಳಗೆ ಬೆರೆಸಿದ. ಎರಡನೆಯ ತಂಡದವರ ಹೆಸರನ್ನೇ ಎತ್ತಲಿಲ್ಲ. ವರ್ಷಗಟ್ಟಲೆ ದುಡಿದವರಿಗೆ ಇದು ಅನ್ಯಾಯವೇ ಸರಿ. ತಂಡದ ಕಿರಿಯ ಸದಸ್ಯ ಫ್ರೆಡರಿಕ್ ಡೆಲೆನ್‌ಬಾ ಮುಂದೆ ಆ ಯಾತ್ರೆಯ ಕಥೆಯನ್ನು ತಾನೇ ಪುಸ್ತಕವಾಗಿ ಬರೆದ. ಬ್ರಾಡ್ಲಿ ಗುಟ್ಟಾಗಿ ಬರೆದಿಟ್ಟ ೧೮೬೯ರ ದಿನಚರಿ ಇಪ್ಪತ್ತನೆಯ ಶತಮಾನದಲ್ಲಿ ಪ್ರಕಟವಾಯಿತು. ಆದ್ದರಿಂದ ಯಾತ್ರೆಯ ದಿನಾಂಕಗಳಿಗೆ ಪೊವೆಲನ ವರದಿಯೊಂದನ್ನೇ ನೆಚ್ಚುವಂತಿಲ್ಲ.

ವೈಜ್ಞಾನಿಕ ಹಾಗೂ ಆಡಳಿತ ಕಾರ್ಯ

ಗ್ರೀನ್ ನದಿಯು ಯುಯಿಂಟಾ ಪರ್ವತವನ್ನು ಬಳಸಿಹೋಗದೆ ನೇರವಾಗಿ ಸೀಳಿರುವುದನ್ನು ಕಂಡ ಪೊವೆಲ್, ಪರ್ವತಕ್ಕಿಂತ ನದಿಯೇ ಹಳೆಯದು, ನೆಲ ಮೇಲೇಳುತ್ತಿದ್ದಂತೆ ನದಿ ಕೊರೆಯುತ್ತ ಹೋಯಿತು ಎಂದು ವಾದಿಸಿದ. ಯುಯಿಂಟಾದ ಮಟ್ಟಿಗೆ ಈ ವಿವರಣೆ ಮುಂದೆ ಪ್ರಶ್ನೆಗೊಳಗಾದರೂ ಪೂರ್ವವರ್ತಿ ನದಿ ಎಂಬ ಪರಿಕಲ್ಪನೆ ಭೂರೂಪ ವಿಜ್ಞಾನದಲ್ಲಿ ಉಳಿಯಿತು.

೧೮೭೮ರ ಶುಷ್ಕ ಪ್ರದೇಶಗಳ ವರದಿ ಆತನ ಅತ್ಯಂತ ದೂರದೃಷ್ಟಿಯ ಬರಹ. ಪಶ್ಚಿಮದ ಬಹುಭಾಗದಲ್ಲಿ ವಾರ್ಷಿಕ ೨೦ ಅಂಗುಲ ಮಳೆಯೂ ಬೀಳದಿರುವುದರಿಂದ ನೀರಾವರಿಯಿಲ್ಲದೆ ಬೇಸಾಯ ಅಸಾಧ್ಯ. ಪ್ರತಿ ಕುಟುಂಬಕ್ಕೆ ೧೬೦ ಎಕರೆ ಕೊಡುವ ಕಾನೂನು ಅಲ್ಲಿಗೆ ಒಗ್ಗದು. ನೀರಾವರಿ ಜಮೀನಾದರೆ ೮೦ ಎಕರೆ ಸಾಕು, ಹುಲ್ಲುಗಾವಲಾದರೆ ೨,೫೬೦ ಎಕರೆ ಬೇಕು ಎಂಬುದು ಅದರ ಸಾರ. ರೈಲ್ವೆ ಮತ್ತು ಭೂವ್ಯವಹಾರದ ಹಿತಾಸಕ್ತಿಗಳಿಗೆ ಇದು ಹಿಡಿಸಲಿಲ್ಲ. ೧೮೮೧ರಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣೆಯ ನಿರ್ದೇಶಕನಾದ ಪೊವೆಲ್ ಕೈಗೊಂಡ ನೀರಾವರಿ ಸಮೀಕ್ಷೆಯ ಹಣವನ್ನು ೧೮೯೦ರಲ್ಲಿ ಶಾಸನಸಭೆ ನಿಲ್ಲಿಸಿತು. ೧೮೯೩ರಲ್ಲಿ ಲಾಸ್ ಏಂಜಲೀಸ್‌ನ ನೀರಾವರಿ ಸಮ್ಮೇಳನದಲ್ಲಿ, ಅಷ್ಟೂ ಭೂಮಿಗೆ ಸಾಲುವಷ್ಟು ನೀರಿಲ್ಲವೆಂದು ಹೇಳಿದಾಗ ಸಭಿಕರು ಕೂಗಿ ಪ್ರತಿಭಟಿಸಿದರು. ಮರುವರ್ಷ ರಾಜೀನಾಮೆ ನೀಡಿದ.

೧೮೭೯ರಲ್ಲಿ ಸ್ಥಾಪನೆಯಾದ ಜನಾಂಗಶಾಸ್ತ್ರ ಕಾರ್ಯಾಲಯವನ್ನು ಮಾತ್ರ ಕೊನೆಯವರೆಗೂ ನಡೆಸಿದ. ಮೆಕ್ಸಿಕೋದ ಉತ್ತರಕ್ಕಿರುವ ಮೂಲನಿವಾಸಿ ಭಾಷೆಗಳನ್ನು ೫೮ ಕುಟುಂಬಗಳಾಗಿ ವಿಂಗಡಿಸಿದ ೧೮೯೧ರ ವರ್ಗೀಕರಣ ಬಹುಕಾಲ ಬಳಕೆಯಲ್ಲಿತ್ತು. ಸಮಾಜಗಳನ್ನು ಅನಾಗರಿಕ, ನಾಗರಿಕ ಎಂದು ಮೆಟ್ಟಿಲುಗಳಲ್ಲಿಡುವ ಆತನ ಸಿದ್ಧಾಂತವನ್ನು ಇಂದಿನ ವಿದ್ವಾಂಸರು ಒಪ್ಪುವುದಿಲ್ಲ.

ನಿಧನಾನಂತರ

ಪೊವೆಲ್ ೧೯೦೨ರಲ್ಲಿ ಮೇಯ್ನ್ ರಾಜ್ಯದ ಹೇವನ್‌ನಲ್ಲಿ ನಿಧನನಾದ. ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಸಮಾಧಿಯಿದೆ. ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಹಿಂದೆ ೧೯೬೩ರಿಂದ ನೀರು ತುಂಬತೊಡಗಿ ಉಂಟಾದ ಜಲಾಶಯಕ್ಕೆ ಲೇಕ್ ಪೊವೆಲ್ ಎಂದು ಹೆಸರಿಡಲಾಯಿತು. ಆ ಕಣಿವೆಯ ಹಲವಾರು ಸೀಳುಕಣಿವೆಗಳೊಂದಿಗೆ ಮ್ಯೂಸಿಕ್ ಟೆಂಪಲ್ ಕೂಡ ಅದರಲ್ಲಿ ಮುಳುಗಿತು.