ಕಿರಾಣಾದಿಂದ ಕುಂದಗೋಳಕ್ಕೆ: ಖಾನಸಾಹೇಬ ಅಬ್ದುಲ್ ಕರೀಂ ಖಾನರು

ಹುಬ್ಬಳ್ಳಿ, ಧಾರವಾಡಗಳ ಕಡೆಯಿಂದ ಪುಣೆ, ಮುಂಬಯಿಗಳಿಗೆ ಬರುವ ನಮ್ಮ ಜನರಿಗೆ ಮಿರಜ ಜಂಕ್ಷನ್ ಚಿರಪರಿಚಿತವಾದುದು. ಗಾಡಿ ನಿಂತಾಗ ಚಹ ಕುಡಿದು ಮುಂದೆ ಸಾಗುವವರಲ್ಲಿ ಎಷ್ಟು ಮಂದಿಗೆ ಆ ಊರಿನ ಮೀರಾಸಾಹೇಬರ ದರ್ಗಾದಲ್ಲಿ ಚಿರನಿದ್ರೆಯಲ್ಲಿರುವ ಮಹಾಗಾಯಕರ ನೆನಪಾಗುವುದೋ ತಿಳಿಯದು. ಕನ್ನಡ ನಾಡಿನಲ್ಲಿ ಹಿಂದುಸ್ತಾನೀ ಸಂಗೀತವು ಇಷ್ಟು ಆಳವಾಗಿ ಬೇರೂರಲು ಕಾರಣರಾದವರಲ್ಲಿ ಖಾನಸಾಹೇಬ ಅಬ್ದುಲ್ ಕರೀಂ ಖಾನರು ಅಗ್ರಗಣ್ಯರು.

ಇವರು ಹುಟ್ಟಿದುದು 1872ರಲ್ಲಿ, ಇಂದಿನ ಉತ್ತರ ಪ್ರದೇಶದ ಕೈರಾನಾ ಎಂಬ ಊರಿನಲ್ಲಿ. ಆ ಊರಿನ ಹೆಸರೇ ಕಿರಾಣಾ ಘರಾಣೆಗೆ ನಿಂತಿತು. ಮನೆತನವೆಲ್ಲ ಸಂಗೀತಗಾರರದು, ಪಾಠವಾದುದು ಮನೆಯ ಹಿರಿಯರಿಂದಲೇ. ತಾರುಣ್ಯದಲ್ಲಿ ತಮ್ಮನೊಡನೆ ಬಡೋದೆಯ ಆಸ್ಥಾನವನ್ನು ಸೇರಿ, ಅಲ್ಲಿ ಸರದಾರ ಮನೆತನದ ತಾರಾಬಾಯಿ ಮಾನೆಯವರನ್ನು ಒಲಿದು, ಅವರೊಡನೆ ಆ ಊರನ್ನು ತೊರೆದು ಮುಂಬಯಿಗೆ ಬಂದರು. ಮುಂದೆ ಮಿರಜವೇ ಅವರಿಗೆ ಮನೆಯಾಯಿತು.

ಅಲ್ಲಿಂದ ದಕ್ಷಿಣಕ್ಕೆ ದಾರಿ ತೆರೆಯಿತು. ಮೈಸೂರು ಅರಮನೆಯ ಕರೆ ಬಂದಾಗಲೆಲ್ಲ ಧಾರವಾಡ, ಹುಬ್ಬಳ್ಳಿಗಳಲ್ಲಿ ಇಳಿದು ಹಾಡುವುದು ವಾಡಿಕೆಯಾಯಿತು. ಆದರೆ ಇವರು ಹಾಡಲು ಮಾತ್ರ ಬಂದವರಲ್ಲ, ಕೇಳಲೂ ಬಂದವರು. ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿಯವರ ಕರ್ನಾಟಕ ಸಂಗೀತವನ್ನು ಕೇಳಲು ಅವರ ಮನೆಗೇ ಹೋಗುತ್ತಿದ್ದರು. ದೊಡ್ಡ ಉಸ್ತಾದರೆನಿಸಿಕೊಂಡವರು ಹೀಗೆ ನಡೆದುಕೊಳ್ಳುವುದು ಆ ಕಾಲದಲ್ಲಿ ಅಪೂರ್ವ. ದಕ್ಷಿಣದ ಸ್ವರಪ್ರಸ್ತಾರವನ್ನು ಮನಗಂಡು ತಮ್ಮ ಖಯಾಲಿನಲ್ಲಿ ಸರಿಗಮವನ್ನು ಧಾರಾಳವಾಗಿ ಬಳಸಿದರು. ತ್ಯಾಗರಾಜರ ಕೃತಿಯೊಂದನ್ನು ಗ್ರಾಮಾಫೋನು ತಟ್ಟೆಗೂ ಹಾಡಿದರು. ಆ ಸಂಗೀತ ಯಾರದೆಂದು ವಾದಿಸುವವರು ಆ ತಟ್ಟೆಯನ್ನೊಮ್ಮೆ ಕೇಳಬೇಕು.

1913ರಲ್ಲಿ ಪುಣೆಯಲ್ಲಿ ಅವರು ಸ್ಥಾಪಿಸಿದ ಶಾಲೆಯ ಹೆಸರು ಆರ್ಯ ಸಂಗೀತ ವಿದ್ಯಾಲಯ. ವಿದ್ಯಾರ್ಥಿಗಳು ಅಲ್ಲಿಯೇ ಉಂಡು, ಅಲ್ಲಿಯೇ ಮಲಗಿ ಕಲಿಯುತ್ತಿದ್ದರು. ಖರ್ಚು ತೂಗಿದುದು ಖಾನಸಾಹೇಬರ ಕಚೇರಿಗಳ ಸಂಪಾದನೆಯಿಂದ. ದಿನವೂ ಹತ್ತಾರು ಎಲೆ ಹಾಕಿ ಬಲ್ಲ ನಮ್ಮಂತಹವರಿಗೆ ಇದರ ಭಾರವೆಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ. ಘರಾಣೆಯ ವಿದ್ಯೆಯನ್ನು ಮಕ್ಕಳು, ಅಳಿಯಂದಿರಿಗಲ್ಲದೆ ಹೊರಗೆ ಬಿಡದ ಕಾಲದಲ್ಲಿ ಇವರು ಜಾತಿ, ಮತ ನೋಡದೆ ಕಲಿಸಿದರು.

ಅವರಿಗೆ ದೊರೆತ ಶಿಷ್ಯರಲ್ಲಿ ಒಬ್ಬರು ಕುಂದಗೋಳದ ಗುಮಾಸ್ತರೊಬ್ಬರ ಮಗ, ರಾಮಭಾವು. ವರ್ಷಗಟ್ಟಲೆ ಸಾಧನೆ ಮಾಡಿದ ಈ ಹುಡುಗ ಗುರುವಿನ ಇಷ್ಟಕ್ಕೆ ವಿರುದ್ಧವಾಗಿ ಮರಾಠಿ ನಾಟಕ ಕಂಪನಿ ಸೇರಿ, ಸವಾಯಿ ಗಂಧರ್ವರೆಂದು ಹೆಸರಾದರು. ಗಂಗೂಬಾಯಿ ಹಾನಗಲ್ಲರು ಕಲಿತುದು ಅವರಲ್ಲಿ. ಗದಗಿನ ಬಾಲಕ ಭೀಮಸೇನ ಜೋಶಿಯವರು ಖಾನಸಾಹೇಬರ ಠುಮರಿಯ ತಟ್ಟೆಯನ್ನು ಕೇಳಿ ಮರುಳಾಗಿ, 1933ರಲ್ಲಿ ಮನೆಬಿಟ್ಟು ಗುರುವನ್ನರಸುತ್ತ ಉತ್ತರದ ಊರೂರು ಅಲೆದು, ಕಡೆಗೆ ಬಂದು ಸೇರಿದುದೂ ಕುಂದಗೋಳವನ್ನೇ! ಪುಣೆಯ ನಮ್ಮ ವಾಚಕರು ಬಲ್ಲ ಸವಾಯಿ ಗಂಧರ್ವ ಮಹೋತ್ಸವವನ್ನು 1953ರಲ್ಲಿ ಆರಂಭಿಸಿದವರು ಇದೇ ಭೀಮಸೇನರು.

ಮನೆಯಲ್ಲಿ ಮಾತ್ರ ಸುಖ ನಿಲ್ಲಲಿಲ್ಲ. 1922ರಲ್ಲಿ ತಾರಾಬಾಯಿಯವರು ಐವರು ಮಕ್ಕಳೊಡನೆ ಬೇರೆಯಾದರು. ಮಕ್ಕಳ ಹೆಸರುಗಳೂ ಬದಲಾದುವು: ಅಬ್ದುಲ್ ರೆಹಮಾನನು ಸುರೇಶಬಾಬು ಮಾನೆಯಾದನು, ಚಂಪಾಕಲಿಯು ಹೀರಾಬಾಯಿ ಬಡೋದೇಕರಳಾದಳು, ಸಕೀನಾ ಸರಸ್ವತಿಯಾದಳು. ತಪ್ಪು ಯಾರದೆಂದು ತೂಗುವುದು ಹೊರಗಿನವರಾದ ನಮ್ಮ ಕೆಲಸವಲ್ಲ. ಹೆಸರು ಬದಲಾದರೂ ಕಂಠ ಬದಲಾಗಲಿಲ್ಲವೆಂಬುದಂತೂ ನಿಜ. ತಂದೆಯ ಗಾಯಕಿಯನ್ನೇ ಅವರು ಬೆಳಗಿಸಿದರು. ನಮ್ಮ ಬಸವರಾಜ ರಾಜಗುರುಗಳು ಆ ಸುರೇಶಬಾಬು ಅವರಿಂದಲೂ ಪಾಠ ಹೇಳಿಸಿಕೊಂಡವರೇ.

1937ರ ಅಕ್ಟೋಬರಿನಲ್ಲಿ ಖಾನಸಾಹೇಬರು ಮದರಾಸಿನಿಂದ ಪಾಂಡಿಚೇರಿಗೆ ಹೊರಟಿದ್ದರು. ದಾರಿಯಲ್ಲಿ ಎದೆನೋವು ಕಾಣಿಸಿಕೊಳ್ಳಲು, ರಾತ್ರಿ ಶಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು. ಪ್ಲಾಟ್‌ಫಾರಮ್ಮಿನ ಮೇಲೆ ಹಾಸಿಗೆ ಹಾಸಿಸಿ, ನಮಾಜು ಮಾಡಿ, ತಂಬೂರಿ ಶ್ರುತಿಗೂಡಿಸಿ ದರಬಾರಿ ರಾಗದಲ್ಲಿ ದೇವರನ್ನು ಸ್ತುತಿಸಿದರು. ಬಳಿಕ ಮಲಗಿದವರು ಏಳಲಿಲ್ಲ. ದೇಹವನ್ನು ಮಿರಜಕ್ಕೆ ತಂದು ದರ್ಗಾದ ಆವರಣದಲ್ಲಿ ಮಣ್ಣು ಮಾಡಿದರು. ಚೆನ್ನೈಯಿಂದ ಚೆಂಗಲ್ಪಟ್ಟಿಗೆ ಹೋಗುವ ಲೋಕಲ್ ಗಾಡಿ ಇಂದಿಗೂ ಆ ನಿಲ್ದಾಣದಲ್ಲಿ ನಿಲ್ಲುತ್ತದೆ.