ಡಾಕ್ಟರೇ ಅಲ್ಲದ ಮೆಚ್ನಿಕಾಫ್ ಮತ್ತು ಹುಚ್ಚುನಾಯಿ ಲಸಿಕೆ

ಯೂನಿವರ್ಸಿಟಿಯೊಳಗೆ ಸರ್ಕಾರ ಕೈಹಾಕಿದ್ದಕ್ಕೆ ಬೇಸತ್ತು ಕೆಲಸ ಬಿಟ್ಟ ಪ್ರೊಫೆಸರ್‌ಗಳ ಕತೆ ನಮಗೇನೂ ಹೊಸದಲ್ಲ. ಇಲ್ಯಾ ಮೆಚ್ನಿಕಾಫ್ ಅಂಥವರಲ್ಲೊಬ್ಬ. 1845ರಲ್ಲಿ ಖಾರ್ಕಿವ್ ಬಳಿ ಹುಟ್ಟಿದ ಪ್ರಾಣಿಶಾಸ್ತ್ರಜ್ಞ, ತಾಯಿ ಕಡೆಯಿಂದ ಯಹೂದಿ ಮೂಲ. 1881ರಲ್ಲಿ ಝಾರ್ ದೊರೆ ಎರಡನೇ ಅಲೆಕ್ಸಾಂಡರ್‌ನ ಹತ್ಯೆಯಾದ ಮೇಲೆ ರಷ್ಯಾದಲ್ಲಿ ದಬ್ಬಾಳಿಕೆ ಬಿಗಿಯಾಯ್ತು. ಮರುವರ್ಷ ಆತ ಒಡೆಸ್ಸಾ ವಿಶ್ವವಿದ್ಯಾಲಯಕ್ಕೆ ರಾಜೀನಾಮೆ ಕೊಟ್ಟು ಇಟಲಿಯ ಮೆಸ್ಸಿನಾಗೆ ಹೋದ.

ಆ ನಿರುದ್ಯೋಗದಲ್ಲೇ ದೊಡ್ಡ ಸಂಗತಿ ಕಣ್ಣಿಗೆ ಬಿತ್ತು. ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿ ಬೆಳಗ್ಗೆ ನೋಡಿದರೆ, ಅದರ ಸುತ್ತ ಜೀವಕೋಶಗಳು ಮುತ್ತಿಕೊಂಡಿದ್ದವು. ನಮ್ಮ ಬಿಳಿ ರಕ್ತಕಣಗಳೂ ಹೀಗೇ ರೋಗಾಣುಗಳನ್ನು ನುಂಗುತ್ತವೆ ಅಂತ ಆತ ವಾದಿಸಿದ. ಹಲವು ವೈದ್ಯರು ನಂಬಿದ್ದು ಉಲ್ಟಾ: ಈ ಕಣಗಳೇ ರೋಗಾಣುಗಳನ್ನು ಹೊತ್ತು ಹರಡುತ್ತವೆ ಅಂತ.

1885ರಲ್ಲಿ ಪ್ಯಾರಿಸ್‌ನಲ್ಲಿ ಲೂಯಿ ಪಾಶ್ಚರ್ ರೇಬೀಸ್ ತಗುಲಿದ ಮೊಲದ ಬೆನ್ನುಹುರಿಯನ್ನು ಒಣಗಿಸಿ ಮಾಡಿದ ಲಸಿಕೆಯನ್ನು ಮನುಷ್ಯರಿಗೆ ಕೊಟ್ಟ. ಮೊದಲು ಚೆನ್ನಾಗಿ ಒಣಗಿದ್ದು, ದಿನ ಕಳೆದಂತೆ ತಾಜಾ ಇರೋದು. ಅಂದ್ರೆ ಕೊನೆಯ ಚುಚ್ಚುಮದ್ದುಗಳಲ್ಲಿ ವೈರಸ್ ಇನ್ನೂ ಜೀವಂತ. ಮರುವರ್ಷ ಹುಚ್ಚು ತೋಳ ಕಚ್ಚಿದ 19 ರಷ್ಯನ್ನರು ಸ್ಮೊಲೆನ್ಸ್ಕ್‌ನಿಂದ ಪ್ಯಾರಿಸ್‌ವರೆಗೂ ಹೋಗಬೇಕಾಯ್ತು. 16 ಮಂದಿ ಬದುಕಿದರು.

ಅದೇ 1886ರಲ್ಲಿ ಒಡೆಸ್ಸಾದಲ್ಲೇ ಲಸಿಕಾ ಕೇಂದ್ರ ತೆರೆಯಿತು. ನಗರಸಭೆ ದುಡ್ಡು ಹಾಕಿತು, ಮೆಚ್ನಿಕಾಫ್ ಮುಖ್ಯಸ್ಥನಾದ, ಪ್ಯಾರಿಸ್‌ನಲ್ಲಿ ವಿಧಾನ ಕಲಿತು ಬಂದ ಯುವ ವೈದ್ಯ ಗಮಾಲೆಯಾ ಜೊತೆಗಿದ್ದ. ಆದ್ರೆ ಮುಖ್ಯಸ್ಥ ಡಾಕ್ಟರ್ ಅಲ್ಲವಲ್ಲ! ಊರಿನ ವೈದ್ಯರು ಬೆನ್ನುಬಿದ್ದರು. ಹಣ ಕೊಟ್ಟವರಿಗೆ ತಕ್ಷಣ ಫಲ ಬೇಕು, ಸಂಶೋಧನೆಗೆ ಪುರುಸೊತ್ತಿಲ್ಲ. ಆತ ಊರಲ್ಲಿಲ್ಲದಾಗ ಸಹೋದ್ಯೋಗಿಗಳು ಕುರಿಗಳಿಗೆ ಹಾಕಿದ ಆಂಥ್ರಾಕ್ಸ್ ಲಸಿಕೆ ಎಡವಟ್ಟಾಗಿ ಸಾವಿರಾರು ಕುರಿ ಸತ್ತವು. 1888ರಲ್ಲಿ ಆತ ದೇಶವನ್ನೇ ಬಿಟ್ಟ. ಪಾಶ್ಚರ್ ತನ್ನ ಸಂಸ್ಥೆಯಲ್ಲಿ ಜಾಗ ಕೊಟ್ಟ.

ಮೆಚ್ನಿಕಾಫ್‌ನ ವಾದ ಪೂರ್ತಿ ಸರಿ ಇತ್ತಾ? ಇಲ್ಲ. ನರಗಳ ಮೂಲಕ ಮಿದುಳಿಗೆ ಹೊರಟ ರೇಬೀಸ್ ವೈರಸ್ಸನ್ನು ತಡೆಯೋದು ಮುಖ್ಯವಾಗಿ ಪ್ರತಿಕಾಯಗಳು, ಅಂದರೆ ಎದುರಾಳಿಗಳು ನಂಬಿದ್ದ ರಕ್ತದಲ್ಲಿನ ವಸ್ತುಗಳು. ಆದ್ರೆ ಆ ಪ್ರತಿಕಾಯ ಹುಟ್ಟಬೇಕಾದರೆ, ಲಸಿಕೆಯ ವೈರಸ್ಸನ್ನು ಒಳಗೆಳೆದುಕೊಂಡು ಅದರ ಚೂರುಗಳನ್ನು ದುಗ್ಧಗ್ರಂಥಿಯಲ್ಲಿ ಟಿ ಕೋಶಗಳಿಗೆ ತೋರಿಸುವ ಕೋಶಗಳೇ ಬೇಕು. ಆಮೇಲೆ ಟಿ ಕೋಶಗಳು ಬಿ ಕೋಶಗಳನ್ನು ಪ್ರತಿಕಾಯ ತಯಾರಿಕೆಗೆ ಹಚ್ಚುತ್ತವೆ. ಇವತ್ತು ನಮಗೆ ಹಾಕೋದು ನಿಷ್ಕ್ರಿಯ ವೈರಸ್‌ನ ಲಸಿಕೆ. ಜೀವಂತ ಲಸಿಕೆಯನ್ನು ಯುರೋಪಿನ ಕಾಡುಗಳಲ್ಲಿ ನರಿಗಳಿಗೆ ತಿಂಡಿಯೊಳಗಿಟ್ಟು ಹಂಚುತ್ತಾರೆ.

1908ರ ನೊಬೆಲ್ಲನ್ನು ಆತ ಎದುರು ಬಣದ ಪಾಲ್ ಎರ್ಲಿಕ್ ಜೊತೆ ಹಂಚಿಕೊಂಡ. 1916ರಲ್ಲಿ ತೀರಿಕೊಂಡ. ಚಿತಾಭಸ್ಮ ಇರುವುದು ಒಡೆಸ್ಸಾದಲ್ಲಲ್ಲ, ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ಲೈಬ್ರರಿಯಲ್ಲಿ.